ಹದಿನಾರನೆಯ ಅಂಕಿ ಎಲ್ಲಿ ಹೋಯಿತು?

ಗಣಕಯಂತ್ರದಲ್ಲಿ ಎಕ್ಸೆಲ್ ಎಂಬ ಸ್ಪ್ರೆಡ್‌ಶೀಟನ್ನು ತೆರೆದು, ಅದರ ಯಾವುದಾದರೊಂದು ಮನೆಯಲ್ಲಿ 1234567890123456 ಎಂಬ ಸಂಖ್ಯೆಯನ್ನು ಬರೆದು ನೋಡೋಣ. ಎಂಟರ್ ಕೀಲಿಯನ್ನು ಒತ್ತಿದೊಡನೆ ಅದು ಮಾಯವಾಗಿ 1.23457ಇ+15 ಎಂಬ ಬರಹವು ಕಾಣಿಸಿಕೊಳ್ಳುತ್ತದೆ. ಇದರಲ್ಲಿ ಗಾಬರಿಪಡುವಂಥದೇನೂ ಇಲ್ಲ. ‘ಇ’ ಎಂಬ ಇಂಗ್ಲಿಷ್ ಅಕ್ಷರವು ಹತ್ತರ ಘಾತವನ್ನು ಸೂಚಿಸುತ್ತದೆ, 1.23457ನ್ನು 10ರ 15ನೆಯ ಘಾತದಿಂದ ಗುಣಿಸಬೇಕೆಂಬುದೇ ಅದರ ಅರ್ಥ. ಆದರೆ ಹಾಳೆಯ ಮೇಲ್ಭಾಗದಲ್ಲಿ ಸೂತ್ರಗಳನ್ನು ಬರೆಯುವ ಪಟ್ಟಿಯತ್ತ ಕಣ್ಣು ಹಾಯಿಸಿದರೆ, ಅಲ್ಲಿ 1234567890123450 ಎಂದಿದೆ. ನಾವು ಬರೆದ ಕೊನೆಯ 6 ಇಲ್ಲ. ಅದರ ಸ್ಥಾನದಲ್ಲಿ ಸೊನ್ನೆ ಕುಳಿತಿದೆ. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ.

ಇದರ ಕಾರಣವನ್ನು ಸಂಖ್ಯೆಯನ್ನು ಕೂಡಿಡುವ ಕ್ರಮದಲ್ಲಿ ಹುಡುಕಬೇಕು. ಗಣಕವು 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಲೆಕ್ಕ ಮಾಡುತ್ತದೆಯಷ್ಟೆ. ಇಂಥ ಒಂದು ಅಂಕಿಗೆ ಬಿಟ್ ಎಂದು ಹೆಸರು. 1985ರ ಐಇಇಇ 754 ಎಂಬ ಮಾನಕದ ಪ್ರಕಾರ ಒಂದು ಸಂಖ್ಯೆಗೆ 64 ಬಿಟ್‌ಗಳನ್ನು ಕೊಡುವ ಏರ್ಪಾಡು ಉಂಟು. ಅವುಗಳಲ್ಲಿ 1 ಧನ-ಋಣ ಚಿಹ್ನೆಗೆ, 11 ಘಾತಕ್ಕೆ, ಮಿಕ್ಕ 52 ಅಂಕಿಗಳಿಗೆ. ಮೊದಲಿಗೆ ಬರುವ 1ನ್ನು ಬರೆಯದೆಯೇ ಗ್ರಹಿಸುವುದರಿಂದ 53 ಬಿಟ್‌ಗಳು ಸಿಕ್ಕಂತಾಯಿತು. 2ರ 53ನೆಯ ಘಾತವೆಂದರೆ 9007199254740992. ಅಲ್ಲಿಯವರೆಗಿನ ಪೂರ್ಣಾಂಕಗಳೆಲ್ಲಕ್ಕೂ ಸ್ಥಳವಿದೆ. ಅದರ ಮುಂದಿನ 9007199254740993ಕ್ಕೆ ಸ್ಥಳವಿಲ್ಲ. ಅದರಾಚೆಯ 9007199254740994ಕ್ಕೆ ಮತ್ತೆ ಉಂಟು! ಹೀಗೆ 16 ಅಂಕಿಗಳ ಸಂಖ್ಯೆಗಳಲ್ಲಿ ಕೆಲವು ಹಿಡಿಸಿ ಕೆಲವು ಹಿಡಿಸದಿರುವುದರಿಂದ, ಎಂದೂ ಭರವಸೆ ಕೊಡಬಹುದಾದ 15 ಅಂಕಿಗಳಿಗೇ ಎಕ್ಸೆಲ್ ಗೆರೆ ಎಳೆದುಬಿಟ್ಟಿದೆ. ನಾವು ಬರೆದ ಸಂಖ್ಯೆಯು ವಾಸ್ತವವಾಗಿ 53 ಬಿಟ್‌ಗಳಲ್ಲಿ ಹಿಡಿಸುತ್ತಿತ್ತು. ಆದರೂ ಗೆರೆ ಗೆರೆಯೇ.

ಹದಿನೈದು ಅಂಕಿಗಳೆಂದರೆ ಕಡಮೆಯೇನಲ್ಲ. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರದ ಲೆಕ್ಕಕ್ಕೆಂದು ಖಗೋಳಜ್ಞರು 2012ರಲ್ಲಿ ನಿಗದಿಪಡಿಸಿದ ಮಾನವು 149597870700 ಮೀಟರುಗಳು. ಇದನ್ನು ಮಿಲಿಮೀಟರುಗಳಲ್ಲಿ ಬರೆದರೂ 15 ಅಂಕಿಗಳೇ ಆಗುತ್ತವೆ. ಅಳತೆಯ ಸಂಖ್ಯೆಗೆ ಇಷ್ಟು ನಿಖರತೆ ಧಾರಾಳವಾಗಿ ಸಾಕು. ಆದರೆ ಬ್ಯಾಂಕಿನ ಖಾತೆಯ ಸಂಖ್ಯೆ ಅಳತೆಯೇ? ಎರಡು ಖಾತೆಗಳ ಸಂಖ್ಯೆಗಳನ್ನು ಕೂಡಿದರೆ ಯಾವ ಅರ್ಥವೂ ಹುಟ್ಟುವುದಿಲ್ಲ. ಸರಾಸರಿ ತೆಗೆದರೆ ನಗೆಪಾಟಲು. ಅದು ಅಂಕಿಗಳಿಂದ ಬರೆದ ಹೆಸರು. ಅಳತೆಯಲ್ಲಿ ಕೊನೆಯ ಅಂಕಿ ತಪ್ಪಿದರೆ ಕೂದಲೆಳೆಯ ವ್ಯತ್ಯಾಸ. ಹೆಸರಿನಲ್ಲಿ ತಪ್ಪಿದರೆ ಬೇರೆಯೇ ಮನುಷ್ಯ.

ವಿದ್ಯಾರ್ಥಿವೇತನದ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆಗೆ 16 ಅಂಕಿಗಳಿವೆ. ಒಬ್ಬಳದು 4417 ಎಂದು ಮುಗಿಯುತ್ತದೆ, ಅದೇ ಶಾಖೆಯ ಇನ್ನೊಬ್ಬನದು 4412 ಎಂದು. ಹಿಂದಿನ ಅಂಕಿಗಳೆಲ್ಲ ಒಂದೇ. ಪಟ್ಟಿಯಲ್ಲಿ ಇಬ್ಬರದೂ 4410 ಆಗುತ್ತದೆ. ಹಣವು ಒಂದೋ ಹಿಂದಿರುಗುತ್ತದೆ, ಇಲ್ಲವೆ 4410ರ ಒಡೆಯನನ್ನು ಸೇರುತ್ತದೆ. ಸೊನ್ನೆಯಿಂದ ಮೊದಲಾಗುವ ಖಾತೆಯಾದರೆ ಆ ಸೊನ್ನೆಯೂ ಉದುರುತ್ತದೆ. 12 ಅಂಕಿಗಳ ಆಧಾರ್ ಸಂಖ್ಯೆಯ ಸ್ಥಿತಿ ಅಷ್ಟು ಕೆಟ್ಟದ್ದಲ್ಲ: ಘಾತರೂಪದಲ್ಲಿ ಕಂಡರೂ ಅಂಕಿಗಳು ಮರೆಯಾಗಿರುತ್ತವೆಯೇ ಹೊರತು ನಷ್ಟವಾಗಿರುವುದಿಲ್ಲ.

ಪರಿಹಾರವು ಸುಲಭ. ಬರೆಯುವುದಕ್ಕೆ ಮೊದಲೇ ಆ ಕಂಬಸಾಲನ್ನು ಆರಿಸಿ, ಅದರ ನಮೂನೆಯನ್ನು ‘ಟೆಕ್ಸ್ಟ್’, ಎಂದರೆ ಪಠ್ಯ, ಎಂದು ಗೊತ್ತುಪಡಿಸಬೇಕು. ಅಥವಾ ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಬೇಕು. ಆಗ ಯಂತ್ರವು ಪ್ರತಿಯೊಂದು ಅಂಕಿಯನ್ನೂ ಅಕ್ಷರದಂತೆ ಬಿಡಿಬಿಡಿಯಾಗಿ ಇಡುತ್ತದೆ. ‘ಮೊದಲೇ’ ಎಂಬ ಮಾತನ್ನು ಮರೆಯಬಾರದು. ಬರೆದಾದ ಮೇಲೆ ನಮೂನೆಯನ್ನು ಬದಲಿಸಿದರೆ ಸೊನ್ನೆಯೇ ಪಠ್ಯವಾಗುತ್ತದೆ, ಕಳೆದ ಅಂಕಿ ಬಾರದು. ಮನೆಯ ಮೂಲೆಯಲ್ಲಿ ಹಸಿರು ತ್ರಿಕೋಣವೊಂದು ಮೂಡಿ, ಇದನ್ನು ಸಂಖ್ಯೆಯಾಗಿಸಲೇ ಎಂದು ಯಂತ್ರವು ಕೇಳುವುದುಂಟು. ಒಪ್ಪಿದರೆ ಕೆಟ್ಟಿತು. ಸಿಎಸ್‌ವಿ ಎಂಬ ಬಗೆಯ ಕಡತದಲ್ಲಿ ನಮೂನೆಯ ನೆನಪೇ ಉಳಿಯುವುದಿಲ್ಲವಾದುದರಿಂದ, ಅದನ್ನು ನೇರವಾಗಿ ತೆರೆದಾಗ ಹಳೆಯ ಕಥೆಯೇ ಮರುಕಳಿಸುತ್ತದೆ. ಇನ್ನೊಂದು ಸೂಕ್ಷ್ಮ: ಪುನರಾವೃತ್ತಿಗಳನ್ನು ಎಣಿಸುವ ‘ಕೌಂಟಿಫ್’ ಸೂತ್ರವು ಪಠ್ಯವಾಗಿಟ್ಟ ಅಂಕಿಗಳನ್ನೂ ಸಂಖ್ಯೆಯೆಂದೇ ಓದಿ, ಮೊದಲ 15 ಅಂಕಿಗಳು ಒಂದೇ ಆಗಿರುವ ಬೇರೆ ಬೇರೆ ಖಾತೆಗಳನ್ನು ಒಂದೇ ಎಂದು ಸಾರುತ್ತದೆ.

ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಜಪಾನಿನ ರಿಕೆನ್ ಸಂಸ್ಥೆಯು ಜೀನುಗಳ ಪ್ರತಿಗಳಿಗೆ 2310009ಇ13 ಎಂಬಂಥ ಗುರುತುಗಳನ್ನು ಕೊಟ್ಟಿತ್ತು. ಸ್ಪ್ರೆಡ್‌ಶೀಟು ನಡುವಣ ಅಕ್ಷರವನ್ನು ಘಾತಚಿಹ್ನೆಯೆಂದು ಬಗೆದು ಇವನ್ನು ಭಾರಿ ಸಂಖ್ಯೆಗಳಾಗಿಸುತ್ತಿದ್ದುದನ್ನು 2004ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಪಡಿಸಿದರು. ‘ಮಾರ್ಚ್1’ ಎಂಬ ಜೀನಂತೂ ಮಾರ್ಚ್ ತಿಂಗಳ ಒಂದನೆಯ ತಾರೀಖಾಗುತ್ತಿತ್ತು. ಕಡೆಗೆ 2020ರಲ್ಲಿ ಅಂಥ ಜೀನುಗಳ ಹೆಸರುಗಳನ್ನೇ ಬದಲಾಯಿಸಿದುದು ಪ್ರಸಿದ್ಧವಾಯಿತು. ಯಂತ್ರವನ್ನು ತಿದ್ದುವುದರ ಬದಲು ಜೀನಿಗೆ ಮರುನಾಮಕರಣ ಮಾಡಬೇಕಾಗಿ ಬಂದುದು ಸ್ವಲ್ಪ ವಿನೋದದ ಸಂಗತಿಯೇ ಸರಿ.

ಈ ಸ್ವಯಂಪರಿವರ್ತನೆಗಳನ್ನು ನಿಲ್ಲಿಸುವ ಆಯ್ಕೆಗಳನ್ನು ಎಕ್ಸೆಲ್ 2023ರಲ್ಲಿ ಒದಗಿಸಿತು. ಆದರೆ ಬಳಸುವವನು ತಾನಾಗಿ ಹುಡುಕಿ ಅವನ್ನು ಆರಿಸಿಕೊಳ್ಳಬೇಕು. ನಾವು ಕಳುಹಿಸಿದ ಸಿಎಸ್‌ವಿ ಕಡತವನ್ನು ತೆರೆಯುವ ಇನ್ನೊಬ್ಬರ ಗಣಕದಲ್ಲಿ ಅವು ಹಿಂದಿನ ಸ್ಥಿತಿಯಲ್ಲಿಯೇ ಇದ್ದಿರಬಹುದು.