ಪ್ರಾತಿನಿಧ್ಯದ ಪ್ರಶ್ನೆ: ಹಾಲೆಂಡಿನ ಮೊದಲ ಫುಟ್‌ಬಾಲ್ ತಂಡ

ಒಂದು ದೇಶದ ಹೆಸರಿನಲ್ಲಿ ಆಡಿದ ಮಾತ್ರಕ್ಕೆ ತಂಡವೊಂದು ಆ ದೇಶದ ಪ್ರತಿನಿಧಿಯೆನಿಸುವುದೆ? ಹಾಲೆಂಡಿನ ಫುಟ್‌ಬಾಲ್ ಚರಿತ್ರೆಯ ಆರಂಭಕಾಲವು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಆ ದೇಶದ ಫುಟ್‌ಬಾಲ್ ಸಂಘವು ೧೮೮೯ರಲ್ಲಿ ಸ್ಥಾಪಿತವಾಯಿತು. ೧೯೦೧ರಿಂದ ಆಯ್ದ ಡಚ್ ಆಟಗಾರರು ಬೆಲ್ಜಿಯಂನ ಆಯ್ದ ತಂಡದೊಡನೆ ವಾನ್ ಡೆನ್ ಅಬೀಲೆ ಪಾರಿತೋಷಕಕ್ಕಾಗಿ ಸೆಣಸತೊಡಗಿದರು. ಆದರೆ ಬೆಲ್ಜಿಯಂ ಪಕ್ಷದಲ್ಲಿ ಇಂಗ್ಲಿಷರೂ ಆಡುತ್ತಿದ್ದುದರಿಂದ ಆ ಪಂದ್ಯಗಳು ರಾಷ್ಟ್ರೀಯ ಪಂದ್ಯಗಳ ಗಣನೆಗೆ ಬರಲಿಲ್ಲ. ಎದುರಾಳಿಯ ಪ್ರಾತಿನಿಧ್ಯವು ಶಿಥಿಲವಾದರೆ ನಮ್ಮದೂ ಸಿದ್ಧಿಸದೆಂಬುದು ಇದರಿಂದ ವಿದಿತವಾಗುತ್ತದೆ.

೧೯೦೪ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಫೀಫಾ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ಜನ್ಮತಾಳಿತು. ಹಾಲೆಂಡು, ಬೆಲ್ಜಿಯಂ ಎರಡೂ ಅದರ ಸ್ಥಾಪಕ ಸದಸ್ಯರು. ೧೯೦೫ರ ಏಪ್ರಿಲ್ ೩೦ರಂದು ಆಂಟ್‌ವರ್ಪಿನಲ್ಲಿ ಅದೇ ಪಾರಿತೋಷಕಕ್ಕಾಗಿ ನಡೆದ ಪಂದ್ಯವೇ ಡಚ್ಚರ ಮೊದಲ ಅಧಿಕೃತ ಪಂದ್ಯ. ನಿಗದಿತ ಅವಧಿ ಮುಗಿದಾಗ ಉಭಯ ಪಕ್ಷಗಳೂ ೧–೧ರಲ್ಲಿ ಸಮನಾಗಿದ್ದವು. ಪಾರಿತೋಷಕವು ಯಾರಿಗಾದರೂ ಸಲ್ಲಲೇಬೇಕಾಗಿದ್ದುದರಿಂದ ಆಟವನ್ನು ಮುಂದುವರಿಸಲಾಯಿತು. ಡಚ್ಚರು ೪–೧ರಿಂದ ಗೆದ್ದರು. ನಾಲ್ಕೂ ಗೋಲುಗಳು ಎಡ್ಡಿ ಡೆ ನೇವೆಯ ಹೆಸರಿನಲ್ಲಿ ದಾಖಲಾಗಿವೆ.

ಈ ಡೆ ನೇವೆ ಹುಟ್ಟಿದ್ದು ಹಾಲೆಂಡಿನಲ್ಲಲ್ಲ, ಆಗ ಡಚ್ಚರ ವಸಾಹತಾಗಿದ್ದ ಜಾವಾದ ಬಟಾವಿಯಾದಲ್ಲಿ. ಅಂದರೆ ಇಂದಿನ ಜಕಾರ್ತದಲ್ಲಿ. ಬೆಲ್ಜಿಯಂನ ಮೈದಾನಗಳಲ್ಲೇ ಆಡುತ್ತಿದ್ದ ಇಂಗ್ಲಿಷರು ಆ ದೇಶದ ಪ್ರತಿನಿಧಿಗಳಾಗಲಿಲ್ಲ. ಸಾಗರದಾಚೆ ಹುಟ್ಟಿದವನು ಹಾಲೆಂಡಿನ ಮೊದಲ ವಿಜಯದ ವೀರನಾದನು. ಆದುದರಿಂದ ರಾಷ್ಟ್ರೀಯ ತಂಡವೆಂಬುದು ನೆಲದಿಂದ ತಾನಾಗಿ ಮೊಳೆತ ವಸ್ತುವಲ್ಲ. ಯಾರು ನಮ್ಮವರೆಂದು ನಿರ್ಣಯಿಸುವ ನಿಯಮವೂ, ಆ ನಿಯಮದ ಹಿಂದಿರುವ ರಾಜ್ಯದ ಎಲ್ಲೆಯೂ ಕೂಡಿ ಅದನ್ನು ರೂಪಿಸುತ್ತವೆ.