ಹೆಸರಿಲ್ಲದ ಕಾರುಗಳ ಹೆಸರು ಹುಡುಕುತ್ತ

ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ, ರೇಸ್ ಕಾರು ಕೊಳ್ಳುವಷ್ಟು ಹಣವಿಲ್ಲದ ಯುವಕರು ಅದನ್ನು ಮನೆಯ ಷೆಡ್ಡಿನಲ್ಲಿ ತಾವೇ ಕಟ್ಟಿಕೊಂಡರು. ಹಳೆಯ ‘ಆಸ್ಟಿನ್ ಸೆವೆನ್’ ಅವರ ಪಾಲಿನ ಕಾಮಧೇನು. 1922ರಿಂದ 1939ರವರೆಗೆ ಸುಮಾರು 2.9 ಲಕ್ಷದಷ್ಟು ತಯಾರಾದ ಈ ಪುಟ್ಟ ಕಾರು ಗುಜರಿಯಲ್ಲಿ ಅಗ್ಗವಾಗಿ ಸಿಗುತ್ತಿತ್ತು. ಮೇಲಿನ ಬಾಡಿ ಕಳಚಿ, ಎಂಜಿನ್ ಹುರಿಗೊಳಿಸಿ, ಹಗುರ ತಗಡು ಹೊದಿಸಿದರೆ ಒಂದು ‘ಸ್ಪೆಷಲ್’ ಸಿದ್ಧ. ಅಂಥ ಎಷ್ಟೋ ಕಾರುಗಳು ಇಂದು ಕಪ್ಪು-ಬಿಳುಪು ಚಿತ್ರಗಳಲ್ಲಷ್ಟೇ ಉಳಿದಿವೆ. ಚಿತ್ರದ ಹಿಂಬದಿ ಖಾಲಿ.

ಅವುಗಳ ಗುರುತು ಹಚ್ಚುವ ಕೆಲಸ, ನಾನು ಕಂಡಂತೆ, ಸವೆದ ಶಾಸನವನ್ನು ಓದುವ ಕೆಲಸಕ್ಕೆ ಹತ್ತಿರವಾದದ್ದು. ಬಾಡಿಯ ಅಂದಕ್ಕೆ ಮರುಳಾಗುವಂತಿಲ್ಲ. ಅದನ್ನು ವರ್ಷಕ್ಕೊಮ್ಮೆ ಬದಲಿಸಿರಬಹುದು. ನೋಡಬೇಕಾದದ್ದು ಎಲುಬನ್ನು. ಮುಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಕೂತ ಒಂದೇ ಸ್ಪ್ರಿಂಗ್ ಪಟ್ಟಿ, ಮೂರೇ ಬೋಲ್ಟುಗಳಲ್ಲಿ ನಿಂತ ಚಕ್ರ ಕಂಡರೆ ಆಸ್ಟಿನ್ ಸೆವೆನ್ ಎಂದು ಊಹಿಸಬಹುದು. ಪಕ್ಕದಿಂದ ತೆಗೆದ ಚಿತ್ರವಾದರೆ ಚಕ್ರದ ವ್ಯಾಸವನ್ನೇ ಅಳತೆಗೋಲು ಮಾಡಿಕೊಂಡು ಎರಡು ಅಚ್ಚುಗಳ ನಡುವಿನ ದೂರವನ್ನು ಲೆಕ್ಕಹಾಕಬಹುದು. ಆರಂಭದ ಮಾದರಿಗಳಲ್ಲಿ ಅದು 6 ಅಡಿ 3 ಅಂಗುಲ. ಮೂವತ್ತರ ದಶಕದಲ್ಲಿ 6 ಅಡಿ 9 ಅಂಗುಲಕ್ಕೆ ಬೆಳೆಯಿತು.

ಇಷ್ಟರಿಂದ ತಿಳಿಯುವುದು ಕಾರಿನ ಕುಲ ಮಾತ್ರ, ಕಟ್ಟಿದವನ ಹೆಸರಲ್ಲ. ಹೆಸರಿಗಾಗಿ ಸ್ಪರ್ಧಾ ಸಂಖ್ಯೆಯನ್ನು ಅಂದಿನ ಕಾರ್ಯಕ್ರಮ ಪಟ್ಟಿಯೊಡನೆ ತಾಳೆ ನೋಡಬೇಕು. ಆದರೆ ಅದೇ ಸಂಖ್ಯೆ ಮುಂದಿನ ಸ್ಪರ್ಧೆಯಲ್ಲಿ ಬೇರೊಬ್ಬನದು; ಪಟ್ಟಿಯಲ್ಲಿದ್ದವರೆಲ್ಲ ಕಣಕ್ಕೆ ಇಳಿದಿರುವುದೂ ಇಲ್ಲ. ನೋಂದಣಿ ಸಂಖ್ಯೆಯ ಅಕ್ಷರಗಳು ಕಾರು ಯಾವ ಊರಿನಲ್ಲಿ ದಾಖಲಾಯಿತೆಂಬುದನ್ನು ಹೇಳುತ್ತವೆ. ಆದರೆ ಎಪ್ಪತ್ತರ ದಶಕದಲ್ಲಿ ದಾಖಲೆಗಳು ಕೇಂದ್ರೀಕೃತವಾದಾಗ ಸ್ಥಳೀಯ ಕಡತಗಳು ಅನೇಕ ಕಡೆ ನಾಶವಾದವು.

ಈ ಹುಡುಕಾಟ ಬರಿಯ ಹವ್ಯಾಸವಲ್ಲ ಎನ್ನುವುದಕ್ಕೆ ಒಂದು ನಿದರ್ಶನ ಸಾಕು. 1948ರಲ್ಲಿ ಲಂಡನ್ನಿನಲ್ಲಿ ಕಾಲಿನ್ ಚಾಪ್‌ಮನ್ ಎಂಬ ತರುಣ, ಗೆಳತಿಯ ತಂದೆತಾಯಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಇಂಥದೇ ಆಸ್ಟಿನ್ ಸೆವೆನ್ನಿನಿಂದ ಒಂದು ಸ್ಪೆಷಲ್ ಕಟ್ಟಿದ. ಮುಂದೆ ಏಳು ಬಾರಿ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿ ಗೆದ್ದ ಲೋಟಸ್‌ನ ಮೊದಲ ಕಾರು ಅದು. 1950ರಲ್ಲಿ ಮಾರಾಟವಾದ ಆ ಕಾರು ಕಣ್ಮರೆಯಾಯಿತು. ಅದನ್ನು ಹುಡುಕಿಕೊಡಿ ಎಂದು 2018ರಲ್ಲಿ ಸಂಸ್ಥೆಯೇ ಜಗತ್ತಿಗೆ ಮನವಿ ಮಾಡಿಕೊಂಡಿತು. ಗುರುತಿಗೆ ಆಧಾರವಾದವು ಹಳೆಯ ಚಿತ್ರಗಳು ಮತ್ತು ‘ಒಎಕ್ಸ್ 9292’ ಎಂಬ ನೋಂದಣಿ ಸಂಖ್ಯೆ.

ಅಪಾಯವಿರುವುದೂ ಇಲ್ಲಿಯೇ. ಪ್ರಸಿದ್ಧ ಹೆಸರು ಅಂಟಿದೊಡನೆ ತುಕ್ಕು ಹಿಡಿದ ಚಾಸಿಗೂ ಬೆಲೆ ಬರುತ್ತದೆ. ಹಾಗಾಗಿ ಅನಾಮಧೇಯ ಚಿತ್ರವೊಂದು ದೊರೆತಾಗ ಅದರಲ್ಲಿ ಲೋಟಸ್ಸನ್ನೋ ಕೂಪರನ್ನೋ ಕಾಣುವ ಆಸೆ ಸಹಜ. ಆದರೆ ತಪ್ಪು ಹೆಸರು ಕೊಟ್ಟರೆ ಮೋಸವಾಗುವುದು ಕೊಳ್ಳುವವನಿಗೆ ಮಾತ್ರವಲ್ಲ. ಹಗಲಿಡೀ ದುಡಿದು, ರಾತ್ರಿ ಲಾಟೀನಿನ ಬೆಳಕಿನಲ್ಲಿ ತಗಡು ಬಡಿದ ಯಾರೋ ಒಬ್ಬ ಕಸುಬುದಾರನ ಏಕೈಕ ಸಾಕ್ಷ್ಯ ಆ ಚಿತ್ರ. ಅದರ ಮೇಲೆ ದೊಡ್ಡವರ ಹೆಸರು ಬರೆದರೆ ಅವನು ಎರಡನೇ ಬಾರಿ ಅಳಿಸಿಹೋಗುತ್ತಾನೆ.

ಖಚಿತ ಆಧಾರ ಸಿಗುವತನಕ ‘ಗುರುತಾಗಿಲ್ಲ’ ಎಂದು ಬರೆದಿಡುವುದೇ ಲೇಸು. ನಾಳೆ ಯಾರದೋ ಟ್ರಂಕಿನಿಂದ ಇನ್ನೊಂದು ಚಿತ್ರ ಹೊರಬಂದಾಗ, ಆ ಖಾಲಿ ಜಾಗದಲ್ಲಿ ನಿಜವಾದ ಹೆಸರನ್ನು ತುಂಬಲು ಅವಕಾಶ ಉಳಿದಿರುತ್ತದೆ.