ಟ್ರೈ ಹೌದೋ, ಅಲ್ಲವೋ? ಪರದೆಯ ಮುಂದಿನ ತೀರ್ಪುಗಾರ

2007ರ ಅಕ್ಟೋಬರ್ 20. ಪ್ಯಾರಿಸ್ ಪಕ್ಕದ ಸ್ಟಾಡ್ ಡ ಫ್ರಾನ್ಸ್ ಕ್ರೀಡಾಂಗಣದಲ್ಲಿ ರಗ್ಬಿ ವಿಶ್ವಕಪ್ ಫೈನಲ್. ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ದಕ್ಷಿಣ ಆಫ್ರಿಕಾ. ವಿರಾಮದ ಹೊತ್ತಿಗೆ ದಕ್ಷಿಣ ಆಫ್ರಿಕಾ 9–3ರಿಂದ ಮುಂದಿತ್ತು. ಆಟ ಮತ್ತೆ ಶುರುವಾದ ಕೂಡಲೇ ಇಂಗ್ಲೆಂಡಿನ ಮ್ಯಾಥ್ಯೂ ಟೇಟ್ ಎದುರಾಳಿಗಳ ನಡುವೆ ನುಸುಳಿ ಓಡಿದರು. ಗೆರೆ ಇನ್ನೇನು ಸಿಕ್ಕಿತು ಅನ್ನುವಾಗ ಅವರನ್ನು ಕೆಡವಲಾಯಿತು. ಚೆಂಡು ಕೈಯಿಂದ ಕೈಗೆ ಸಾಗಿ ಎಡ ಮೂಲೆಯಲ್ಲಿದ್ದ ಮಾರ್ಕ್ ಕ್ಯೂಟೊ ಅವರಿಗೆ ಸಿಕ್ಕಿತು. ಅವರು ಮುಂದಕ್ಕೆ ಹಾರಿ ಚೆಂಡನ್ನು ನೆಲಕ್ಕೆ ಒತ್ತಿದರು. ಅದೇ ಗಳಿಗೆಯಲ್ಲಿ ದಕ್ಷಿಣ ಆಫ್ರಿಕಾದ ಡ್ಯಾನಿ ರೊಸೌ ಅವರ ಮೇಲೆ ಬಿದ್ದರು.

ಇಂಗ್ಲೆಂಡಿನ ಬೆಂಬಲಿಗರು ಕುಣಿದಾಡಿದರು. ಆದರೆ ರೆಫರಿ ಅಲೆನ್ ರೋಲಂಡ್ ಟ್ರೈ ಕೊಡಲಿಲ್ಲ. ಪರದೆಗಳ ಮುಂದೆ ಕುಳಿತಿದ್ದ ಆಸ್ಟ್ರೇಲಿಯಾದ ಸ್ಟುವರ್ಟ್ ಡಿಕಿನ್ಸನ್ ಅವರನ್ನು ಕೇಳಿದರು. ಡಿಕಿನ್ಸನ್ ಅದೇ ದೃಶ್ಯವನ್ನು ಮುಂದೆ, ಹಿಂದೆ, ನಿಧಾನವಾಗಿ ಮತ್ತೆ ಮತ್ತೆ ನೋಡಿದರು. ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿದು ಕಾಯಿತು. ಕೊನೆಗೆ ಬಂದ ಉತ್ತರ: ಟ್ರೈ ಅಲ್ಲ. ಚೆಂಡು ನೆಲ ಮುಟ್ಟುವ ಮೊದಲೇ ಕ್ಯೂಟೊ ಅವರ ಎಡಗಾಲು ಪಕ್ಕದ ಗೆರೆಗೆ ತಾಗಿತ್ತು!

ಆ ಟ್ರೈ ಸಿಕ್ಕಿದ್ದರೆ ಅಂಕ 9–8 ಆಗುತ್ತಿತ್ತು. ನಂತರದ ಒದೆತವೂ ಗುರಿ ಮುಟ್ಟಿದ್ದರೆ ಇಂಗ್ಲೆಂಡ್ 10–9ರಿಂದ ಮುಂದೆ. ಅದಾಗದೆ, ಹಿಂದಿನ ಒಂದು ತಪ್ಪಿಗಾಗಿ ಸಿಕ್ಕ ಪೆನಾಲ್ಟಿಯ 3 ಅಂಕಕ್ಕೆ ಅದು ತೃಪ್ತಿಪಡಬೇಕಾಯಿತು. ಪಂದ್ಯ 15–6ರಲ್ಲಿ ಮುಗಿದು ಕಪ್ ದಕ್ಷಿಣ ಆಫ್ರಿಕಾ ಪಾಲಾಯಿತು.

ಟ್ರೈ ಎಂದರೇನು?

ರಗ್ಬಿ ನೋಡದವರಿಗೆ ಅದು ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಕಬಡ್ಡಿಯಂತೆ ಕಾಣಬಹುದು. ರಗ್ಬಿ ಯೂನಿಯನ್ ಎಂಬ ಪ್ರಕಾರದಲ್ಲಿ ಒಂದೊಂದು ತಂಡಕ್ಕೆ 15 ಆಟಗಾರರು. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೋಲು ಗೆರೆ ತಲುಪಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದೇ ಟ್ರೈ. ಅದಕ್ಕೆ 5 ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಒದ್ದರೆ ಇನ್ನೂ 2.

‘ಟ್ರೈ’ ಅಂದರೆ ಪ್ರಯತ್ನ. ಅಂಕ ಗಳಿಸಿದ್ದಕ್ಕೆ ಪ್ರಯತ್ನ ಎಂಬ ಹೆಸರೇಕೆ? ಮೊದಮೊದಲು ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಒಂದು ಅಂಕವೂ ಸಿಗುತ್ತಿರಲಿಲ್ಲ. ಗೋಲಿಗೆ ಒದೆಯಲು ‘ಪ್ರಯತ್ನಿಸುವ’ ಅವಕಾಶ ಮಾತ್ರ ಸಿಗುತ್ತಿತ್ತು. ಕಾಲ ಬದಲಾಯಿತು, ಅಂಕ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು.

ಇಲ್ಲಿ ಗೆರೆಗಳದ್ದೂ ಒಂದು ತಮಾಷೆ ಇದೆ. ಚೆಂಡು ಹಿಡಿದವರು ಪಕ್ಕದ ಗೆರೆಯನ್ನು ಕೂದಲೆಳೆಯಷ್ಟು ತುಳಿದರೂ ‘ಹೊರಗೆ’. ಆದರೆ ಗೋಲು ಗೆರೆಯ ಮೇಲೆ ಚೆಂಡು ತಾಗಿದರೂ ಸಾಕು, ಅದು ‘ಒಳಗೆ’, ಟ್ರೈ! ಈ ಎರಡು ಗೆರೆಗಳು ಸೇರುವುದು ಮೂಲೆಯಲ್ಲಿ. ಹಾಗಾಗಿಯೇ ಅತಿ ಹೆಚ್ಚು ಜಗಳ ಹುಟ್ಟುವುದೂ ಅಲ್ಲಿಯೇ.

ನಮಗೆ ಗೊತ್ತಿರುವ ಮೂರನೇ ಅಂಪೈರ್

ಟಿ.ವಿ. ನೋಡಿ ತೀರ್ಪು ಕೊಡುವುದು ನಮಗೆ ಹೊಸದಲ್ಲ. 1992ರಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಮೂರನೇ ಅಂಪೈರ್ ತೀರ್ಪಿನಿಂದ ಮೊದಲು ರನೌಟ್ ಆದವರು ನಮ್ಮ ಸಚಿನ್ ತೆಂಡೂಲ್ಕರ್. ಅಜ್ಜಂದಿರಿಗೆ ಅದು ನೆನಪಿರಬಹುದು. ರಗ್ಬಿ ಯೂನಿಯನ್‌ಗೆ ಈ ವ್ಯವಸ್ಥೆ ಬಂದದ್ದು 2001ರಲ್ಲಿ. ಆ ಕೆಲಸ ಮಾಡುವವರನ್ನು ‘ಟೆಲಿವಿಷನ್ ಮ್ಯಾಚ್ ಅಫಿಶಿಯಲ್’, ಚಿಕ್ಕದಾಗಿ ‘ಟಿಎಂಒ’ ಎನ್ನುತ್ತಾರೆ.

ರೆಫರಿ ಗಾಳಿಯಲ್ಲಿ ಬೆರಳಿನಿಂದ ಟಿ.ವಿ. ಪೆಟ್ಟಿಗೆಯ ಚೌಕ ಬರೆದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಆಮೇಲೆ ಅವರಿಬ್ಬರೂ ಮಾತಾಡಿಕೊಳ್ಳುವುದು ಮನೆಯಲ್ಲಿ ಟಿ.ವಿ. ನೋಡುತ್ತಿರುವವರಿಗೂ ಕೇಳಿಸುತ್ತದೆ.

ಕ್ಯಾಮೆರಾ ಕಣ್ಣಿಗೂ ಮಿತಿ

ನಿಧಾನವಾಗಿ ತೋರಿಸಿದರೆ ಎಲ್ಲವೂ ಕಾಣುತ್ತದೆ ಎಂದು ನಮಗನ್ನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಟಗಾರ ಸೆಕೆಂಡಿಗೆ 8 ಮೀಟರ್ ಓಡುತ್ತಿದ್ದಾನೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಆತ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಅಂದರೆ ಹೆಚ್ಚುಕಡಿಮೆ ಒಂದು ಗೇಣು! ಕಾಲು ಮೊದಲು ತಾಗಿತೋ, ಚೆಂಡು ಮೊದಲು ತಾಗಿತೋ ಎಂಬ ಪ್ರಶ್ನೆಯ ಉತ್ತರ ಆ ಗೇಣಿನಲ್ಲೇ ಅಡಗಿರಬಹುದು. ಅದಕ್ಕೇ ಇನ್ನೂ ಹೆಚ್ಚು ವೇಗದ ಕ್ಯಾಮೆರಾಗಳನ್ನೂ ಬಳಸುತ್ತಾರೆ.

ಎಸೆತದ ವಿಚಾರ ಇನ್ನೂ ಮೋಜಿನದು. ಚಲಿಸುವ ಬಸ್ಸಿನಲ್ಲಿ ಕುಳಿತ ಹುಡುಗಿ ಹಿಂದಿನ ಸೀಟಿನ ಗೆಳತಿಗೆ ಚೆಂಡು ಎಸೆಯುತ್ತಾಳೆ. ಅವಳ ಮಟ್ಟಿಗೆ ಚೆಂಡು ಹಿಂದಕ್ಕೆ ಹೋಯಿತು. ರಸ್ತೆಯಲ್ಲಿ ನಿಂತು ನೋಡಿದವರಿಗೋ, ಬಸ್ಸಿನ ಜೊತೆಗೇ ಅದೂ ಮುಂದಕ್ಕೆ ಸಾಗುತ್ತದೆ. ಜೋರಾಗಿ ಓಡುತ್ತಿರುವ ಆಟಗಾರ ಎಸೆದಾಗಲೂ ಹೀಗೆಯೇ. ಆದ್ದರಿಂದ ಚೆಂಡು ಎಲ್ಲಿ ಬಿತ್ತು ಎಂದಲ್ಲ, ಕೈ ಬಿಟ್ಟಾಗ ಯಾವ ದಿಕ್ಕಿಗೆ ಹೊರಟಿತು ಎಂದು ನೋಡಬೇಕು.

ಕಾಣದ ಚೆಂಡು

ಕೆಲವೊಮ್ಮೆ ವೇಗ ಅಡ್ಡಿಯಲ್ಲ, ಮೈಗಳೇ ಅಡ್ಡಿ. 2024ರ ಫೆಬ್ರುವರಿ 10ರಂದು ಎಡಿನ್‌ಬರೋ ನಗರದ ಮರ್ರಿಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಫ್ರಾನ್ಸ್ ಆಡಿದವು. ಕೊನೆಯ ಗಳಿಗೆ. ಫ್ರಾನ್ಸ್ 20, ಸ್ಕಾಟ್ಲೆಂಡ್ 16. ಸ್ಕಾಟ್ಲೆಂಡಿನ ಸ್ಯಾಮ್ ಸ್ಕಿನ್ನರ್ ಚೆಂಡಿನೊಂದಿಗೆ ಗೆರೆ ದಾಟಿ ಬಿದ್ದರು. ಅವರ ಮೇಲೆ, ಕೆಳಗೆ, ಸುತ್ತ ಆಟಗಾರರ ರಾಶಿ. ಟ್ರೈ ಆಗಿದ್ದರೆ 21–20, ಗೆಲುವು ಸ್ಕಾಟ್ಲೆಂಡಿನದು.

ರೆಫರಿ ನಿಕ್ ಬೆರ್ರಿ ಮೊದಲು ತಮ್ಮ ತೀರ್ಪು ಹೇಳಿದರು: ಟ್ರೈ ಅಲ್ಲ, ಚೆಂಡು ಒಬ್ಬರ ಕಾಲಿನ ಮೇಲೆ ನಿಂತಿದೆ. ನಂತರ ಟಿಎಂಒ ಬ್ರಯನ್ ಮ್ಯಾಕ್‌ನೀಸ್ ಅವರನ್ನು ಕೇಳಿದರು. ಚೆಂಡು ಕಾಲಿನಿಂದ ಜಾರಿ ನೆಲ ಮುಟ್ಟಿದಂತೆ ಒಂದು ಚಿತ್ರದಲ್ಲಿ ಅನ್ನಿಸುತ್ತಿತ್ತು. ಆದರೆ ‘ಅನ್ನಿಸಿದರೆ’ ಸಾಲದು, ಸ್ಪಷ್ಟವಾಗಿ ಕಾಣಬೇಕು. ಕಾಣಲಿಲ್ಲ. ಮೈದಾನದ ತೀರ್ಪೇ ಉಳಿಯಿತು, ಫ್ರಾನ್ಸ್ ಗೆದ್ದಿತು.

ಕ್ರಿಕೆಟ್‌ನ ‘ಅಂಪೈರ್ಸ್ ಕಾಲ್’ ನೆನಪಾಯಿತೇ? ಹೆಚ್ಚುಕಡಿಮೆ ಅದೇ ನ್ಯಾಯ. ಬೆರ್ರಿ ಮೊದಲು ‘ಟ್ರೈ’ ಎಂದಿದ್ದರೆ ಅದನ್ನು ಅಳಿಸಲೂ ಸ್ಪಷ್ಟ ಸಾಕ್ಷಿ ಬೇಕಾಗುತ್ತಿತ್ತು. ಅದೂ ಸಿಗದಿದ್ದರೆ ಸ್ಕಾಟ್ಲೆಂಡೇ ಗೆಲ್ಲುತ್ತಿತ್ತು. ಪರದೆ ಎಷ್ಟೇ ದೊಡ್ಡದಾಗಲಿ, ಮೈದಾನದಲ್ಲಿ ನಿಂತವರ ಮೊದಲ ಮಾತಿಗೆ ಅಷ್ಟು ತೂಕವಿದೆ.

ಎಷ್ಟು ಹಿಂದಕ್ಕೆ ನೋಡಬೇಕು?

ಮೊದಲು ಟಿಎಂಒ ನೋಡುತ್ತಿದ್ದದ್ದು ಗೆರೆಯ ಬಳಿ ನಡೆದದ್ದನ್ನು ಮಾತ್ರ. ಮುಂದೆ ಟ್ರೈಗೆ ಮೊದಲಿನ ಆಟವನ್ನೂ ನೋಡುವ ಅಧಿಕಾರ ಬಂತು. ಅದರಿಂದ ಹೊಸ ಪ್ರಶ್ನೆಯೂ ಹುಟ್ಟಿತು.

2023ರ ಅಕ್ಟೋಬರ್ 28, ಅದೇ ಸ್ಟಾಡ್ ಡ ಫ್ರಾನ್ಸ್, ಮತ್ತೆ ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾ ವಿರುದ್ಧ ನ್ಯೂಜಿಲೆಂಡಿನ ಆರನ್ ಸ್ಮಿತ್ ಟ್ರೈ ಹೊಡೆದರು. ಟಿಎಂಒ ಟಾಮ್ ಫೋಲಿ ಅದಕ್ಕೂ ಮೊದಲಿನ ಆಟದಲ್ಲಿ ಆರ್ಡಿ ಸವಿಯಾ ಕೈಯಿಂದ ಚೆಂಡು ಮುಂದಕ್ಕೆ ಜಾರಿದ್ದನ್ನು ಗುರುತಿಸಿದರು. ರೆಫರಿ ವೇಯ್ನ್ ಬಾರ್ನ್ಸ್ ಟ್ರೈ ರದ್ದುಮಾಡಿದರು. ನ್ಯೂಜಿಲೆಂಡ್ ಆಮೇಲೆ ಬೇರೊಂದು ಟ್ರೈ ಹೊಡೆದರೂ 12–11ರಲ್ಲಿ, ಒಂದೇ ಒಂದು ಅಂಕದಿಂದ ಸೋತಿತು.

ಚೆಂಡು ಕೈಜಾರಿದ್ದು ನಿಜ, ಎಲ್ಲರೂ ಕಂಡರು. ಆದರೆ ಅಷ್ಟು ಹಿಂದಕ್ಕೆ ಹೋಗಲು ನಿಯಮದಲ್ಲಿ ಅವಕಾಶವಿತ್ತೇ ಎಂದು ಹಲವರು ಕೇಳಿದರು. ಸರಿಯಾದದ್ದನ್ನು ಕಂಡುಹಿಡಿಯುವುದು ನ್ಯಾಯವೋ, ಒಪ್ಪಿಕೊಂಡ ನಿಯಮದೊಳಗೇ ನಿಲ್ಲುವುದು ನ್ಯಾಯವೋ? ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಚರ್ಚಿಸಬಹುದಾದ ಪ್ರಶ್ನೆ ಇದು.

ಚರ್ಚೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಪಂದ್ಯದ ನಂತರ ಜಾಲತಾಣಗಳಲ್ಲಿ ಫೋಲಿ ಅವರ ಮೇಲೆ ಬೈಗುಳದ ಮಳೆಯೇ ಸುರಿಯಿತು. ಅದೇ ವರ್ಷ ಅವರು ಅಂತಾರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ಪರದೆಯ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ, ಅವನಿಗೂ ಮನೆಯಿದೆ ಎಂಬುದನ್ನು ಬೈದವರು ಮರೆತಿದ್ದರು.

ನೀವೇ ಟಿಎಂಒ ಆಗಿ!

ಮುಂದಿನ ಸಲ ಟಿ.ವಿ.ಯಲ್ಲಿ ರಗ್ಬಿ ಬಂದರೆ ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿ ಈ ಆಟ ಆಡಿ. ಒಬ್ಬರು ರೆಫರಿ, ಒಬ್ಬರು ಟಿಎಂಒ. ರಿಪ್ಲೇ ಬರುವ ಮೊದಲೇ ರೆಫರಿ ತೀರ್ಪು ಹೇಳಿಬಿಡಬೇಕು. ಆಮೇಲೆ ಟಿಎಂಒ ಮೂರು ವಿಷಯ ನೋಡಬೇಕು.

• ಕಾಲು ಪಕ್ಕದ ಗೆರೆಗೆ ತಾಗಿತೇ?
• ಚೆಂಡು ಕೈಯಿಂದ ಮುಂದಕ್ಕೆ ಜಾರಿತೇ?
• ಚೆಂಡು ನೆಲ ಮುಟ್ಟಿದ್ದು ಕಣ್ಣಿಗೆ ಕಂಡಿತೇ?

ಮೂರನೆಯದಕ್ಕೆ ಉತ್ತರ ‘ಕಾಣಲಿಲ್ಲ’ ಎಂದಾದರೆ ಹಾಗೆಯೇ ಹೇಳಬೇಕು. ಊಹಿಸಿ ಹೇಳುವಂತಿಲ್ಲ, ಸೋಲುತ್ತಿರುವುದು ಅಜ್ಜನ ಮೆಚ್ಚಿನ ತಂಡವೇ ಆದರೂ!